ಅಪ್ಪನ ಲೆಕ್ಕ ತಪ್ಪಿದ್ದು ಹೇಗೆ?

ನಮ್ಮಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಹತ್ತಿ ಮಾರುವಾಗ ತೂಕ, ದರ, ಹಮಾಲಿ ಎಲ್ಲ ಬಾಯಲ್ಲೇ ಕೂಡಿಸಿ ಕಳೆದು, ಅಂಗಡಿಯ ಗುಮಾಸ್ತ ಬರೆದು ಮುಗಿಸುವ ಮೊದಲೇ ಮೊತ್ತ ಹೇಳುತ್ತಿದ್ದರು. ಅಂಥವರು ಒಂದು ವರ್ಷ ಹಿಂಗಾರಿ ಜೋಳ ಬಿತ್ತುವ ದಿನ, ಕೂರಿಗೆ ಹೊರಡಿಸಿದ ಮೇಲೆ, "ತಮ್ಮಾ, ಇವತ್ತ ಯಾವ ಹೊಲಕ್ಕ ಹೋಗೋದದ?" ಎಂದು ಕೇಳಿದರು. ನಾವು ನಕ್ಕೆವು. ವಯಸ್ಸಾತು ಬಿಡು ಅಂದುಕೊಂಡೆವು.

ನಕ್ಕದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಮೊದಲೇ ಆಗಿತ್ತು. ಅವರಿಗೆ ಬಿ.ಪಿ. ಇದೆ ಎಂದು ಡಾಕ್ಟರು ಗುಳಿಗೆ ಕೊಟ್ಟಿದ್ದರು. "ತಲಿನೋವಿಲ್ಲ, ಚಕ್ಕರಿಲ್ಲ, ಸುಮ್ಮನ ಯಾಕ ನುಂಗಬೇಕು?" ಎಂದು ಅಪ್ಪ ಬಿಟ್ಟರು. ನಾನೂ ಒತ್ತಾಯ ಮಾಡಲಿಲ್ಲ. ಮುಂದೆ ರಾಯಚೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ, ಮಿದುಳಿನೊಳಗೆ ಅಲ್ಲಲ್ಲಿ ರಕ್ತ ಸಿಗದೆ ಸತ್ತುಹೋದ ಸಣ್ಣ ಸಣ್ಣ ಜಾಗಗಳು ಕಂಡವು. ಒಂದು ಸಲವೂ ಕೈಕಾಲು ಬಿದ್ದಿರಲಿಲ್ಲ, ಬಾಯಿ ಸೊಟ್ಟಗಾಗಿರಲಿಲ್ಲ. ಸದ್ದಿಲ್ಲದ ಲಕ್ವಾ ಅದು.

ಕಾಲುವೆಯ ಕೊನೆಗೆ ಹೊಲ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿದುಳಿನ ತೂಕ ದೇಹದ ತೂಕದಲ್ಲಿ ಶೇ. 2ರಷ್ಟು. ಆದರೆ ನಾವು ಸುಮ್ಮನೆ ಕೂತಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಅದರ ಒಳಭಾಗಕ್ಕೆ ರಕ್ತ ಒಯ್ಯುವ ನಾಳಗಳು ಬಹಳ ಸಪೂರ. ಏರಿದ ಒತ್ತಡ ವರ್ಷಗಟ್ಟಲೆ ಬಡಿದರೆ ನಾಳದ ಗೋಡೆ ದಪ್ಪವಾಗಿ, ಗಡುಸಾಗಿ, ಒಳದಾರಿ ಕಿರಿದಾಗುತ್ತದೆ. ಮೇಲಿನ ತೂಬಿನಲ್ಲಿ ನೀರಿರುತ್ತದೆ, ಕೊನೆಯ ಮಡಿಗೆ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆ, ಬೀಡಿ ಎರಡೂ ಇದೇ ಕೆಲಸ ಮಾಡುತ್ತವೆ.

ಮರೆವಿನ ರೋಗಕ್ಕೆ ಗುಣವಾಗುವ ಔಷಧಿ ಇಲ್ಲ. ಆದರೆ 2024ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯ ತಜ್ಞರ ಆಯೋಗ 14 ಕಾರಣಗಳನ್ನು ಪಟ್ಟಿ ಮಾಡಿತು. ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಶೇ. 45ರಷ್ಟು ಮರೆವಿನ ರೋಗವನ್ನು ತಡೆಯಬಹುದು ಇಲ್ಲವೇ ಮುಂದೆ ಹಾಕಬಹುದು ಎಂಬುದು ಅದರ ಅಂದಾಜು. ನಮ್ಮ ರಾಜ್ಯದಲ್ಲೇ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹಳ್ಳಿ ಜನರ ಆರೋಗ್ಯವನ್ನು ವರ್ಷದಿಂದ ವರ್ಷಕ್ಕೆ ನೋಡುತ್ತ ಬಂದಿದ್ದಾರೆ. ನೆನಪು ಕೆಡುವ ಎಷ್ಟೋ ವರ್ಷ ಮೊದಲೇ ಒಳಗೆ ಕೆಲಸ ಶುರುವಾಗಿರುತ್ತದೆ, ಅದಕ್ಕೇ 45.

ನಮ್ಮ ಊಟದಲ್ಲಿ ದೋಷವಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳು, ಅಗಸಿ ಚಟ್ನಿಗಿಂತ ಒಳ್ಳೆಯದು ಯಾವುದು? ದೋಷ ಇರುವುದು ಉಪ್ಪಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೇ ಇರಬೇಕು. ನಮ್ಮ ಮನೆಯಲ್ಲಿ ಆರು ಮಂದಿ. ತಿಂಗಳಿಗೆ 900 ಗ್ರಾಂ ಆಯಿತು. ನಮಗೆ ಎರಡು ಕಿಲೋ ಪಾಕೀಟು ಸಾಲುತ್ತಿರಲಿಲ್ಲ, ಉಪ್ಪಿನಕಾಯಿ ಹಪ್ಪಳದ ಲೆಕ್ಕ ಬೇರೆ! ನೀವೂ ಒಂದು ತಿಂಗಳು ಪಾಕೀಟಿನ ಮೇಲೆ ತಾರೀಖು ಬರೆದಿಟ್ಟು ನೋಡಿ. ಈಗ ನಾವು ಒಂದೂಕಾಲು ಕಿಲೋಗೆ ಇಳಿದಿದ್ದೇವೆ. ಮೊದಲ ಹದಿನೈದು ದಿನ ಎಲ್ಲರೂ ಮುಖ ಸಿಂಡರಿಸಿದರು, ಆಮೇಲೆ ನಾಲಿಗೆ ಒಗ್ಗಿತು.

ಇನ್ನು ಎಣ್ಣೆ ಹೊಡೆಯುವ ವಿಷಯ. ಕ್ಲೋರ್‌ಪೈರಿಫಾಸ್ ಗುಂಪಿನ ವಿಷ ಹುಳವನ್ನು ಕೊಲ್ಲುವುದು ಅದರ ನರ ಕೆಡಿಸಿ. ಒಂದು ನರದ ಸಂದೇಶ ಮುಗಿದ ಮೇಲೆ ಅದನ್ನು ಅಳಿಸುವ ಕಿಣ್ವವೊಂದಿದೆ, ಅದನ್ನು ಈ ವಿಷ ಕಟ್ಟಿಹಾಕುತ್ತದೆ. ಅದೇ ಕಿಣ್ವ ನಮ್ಮ ನರದಲ್ಲೂ, ಮಿದುಳಲ್ಲೂ ಇದೆ. ಬಾಯಿಗೇ ಹೋಗಬೇಕೆಂದಿಲ್ಲ, ಚರ್ಮದಿಂದಲೂ ಇಳಿಯುತ್ತದೆ. ಸೋರುವ ಪಂಪು ಬೆನ್ನಿಗೆ ಹಾಕಿಕೊಂಡು ಹತ್ತಿ ಸಾಲಿನಲ್ಲಿ ಬರಿಗಾಲಲ್ಲಿ ನಡೆದ ಸಂಜೆ ತಲೆ ಭಾರ, ಬಾಯಲ್ಲಿ ಜೊಲ್ಲು, ಕಣ್ಣು ಮಂಜು ಆದದ್ದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಅದನ್ನು ಬಿಸಿಲಿನ ಲೆಕ್ಕಕ್ಕೆ ಬರೆದೆವು. ವಿಷದ ಸಂಪರ್ಕ ಹೆಚ್ಚಿರುವ ರೈತರಲ್ಲಿ ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಯೂ ಹೆಚ್ಚು ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಕಂಡಿವೆ. ಕೈಗವಸು, ತುಂಬುತೋಳಿನ ಅಂಗಿ, ಗಾಳಿಗೆ ಬೆನ್ನು ಮಾಡಿ ಹೊಡೆಯುವುದು, ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಜಳಕ, ಆ ಬಟ್ಟೆ ಬೇರೆಯೇ ಒಗೆಯುವುದು, ಇಷ್ಟಾದರೂ ಆಗಲಿ. ಒಂದು ಹೊಡೆತ ಕಡಿಮೆ ಮಾಡಿದರೆ ಎಲ್ಲಕ್ಕಿಂತ ಮೇಲು.

ನಿದ್ದೆಯ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ರಾತ್ರಿ ಪಾಳಿಯಲ್ಲಿ ಕರೆಂಟು ಬಂದರೆ ರೈತ ಮಲಗುವುದು ಯಾವಾಗ?

ಆ ಪಟ್ಟಿಯಲ್ಲಿ ಕಿವಿ ಮಂದವಾಗುವುದೂ ಇದೆ. ಕೇಳಿಸದವರು ಮಾತು ಬಿಡುತ್ತಾರೆ, ಮಾತು ಬಿಟ್ಟವರು ಒಂಟಿಯಾಗುತ್ತಾರೆ. ರಾಶಿ ಮಷೀನಿನ ಹತ್ತಿರ ಕಿವಿಗೆ ಅರಳೆ ಇಟ್ಟರೆ ಸಾಲದು, ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಕಿವಿಬಿರಡೆ ಬೇಕು. ಚಿಕ್ಕಂದಿನಲ್ಲಿ ಶಾಲೆ ತಪ್ಪುವುದೂ ಅದೇ ಪಟ್ಟಿಯಲ್ಲಿದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 60ರ ಆಸುಪಾಸು. ಹತ್ತಿ ಬಿಡಿಸುವ ಕಾಲಕ್ಕೆ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುತ್ತೇವಲ್ಲ, ಅದರ ಬಾಕಿ ಅವರ ಮುಪ್ಪಿನಲ್ಲಿ ವಸೂಲಾಗುತ್ತದೆ.

ಅಪ್ಪ ಈಗ ಗುಳಿಗೆ ತಪ್ಪಿಸುವುದಿಲ್ಲ. ಬೆಳಿಗ್ಗೆ ಹೊಲದ ತನಕ ನಡೆದು ಬರುತ್ತಾರೆ, ಸಂಜೆ ಗುಡಿಕಟ್ಟೆಗೆ ಕಳಿಸುತ್ತೇವೆ. ಹೋದ ಲೆಕ್ಕ ತಿರುಗಿ ಬಂದಿಲ್ಲ, ಇದ್ದದ್ದು ಸದ್ಯಕ್ಕೆ ಉಳಿದಿದೆ. ಮೊನ್ನೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನನ್ನ ಬಿ.ಪಿ. ನೋಡಿಸಿದೆ. ಎರಡು ಸಲ ನೋಡಿದರು, ಎರಡು ಸಲವೂ 150 ದಾಟಿತ್ತು. ನನಗೂ ತಲೆನೋವಿಲ್ಲ, ಚಕ್ಕರಿಲ್ಲ. ಅಪ್ಪನ ಗುಳಿಗೆ ಡಬ್ಬಿಯ ಪಕ್ಕದಲ್ಲಿ ಈಗ ನನ್ನದೂ ಇದೆ.