ಅಂಕಸಮುದ್ರದ ಜಾಲಿ ಮರಗಳು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಬೆಳಗಿನ ಹೊತ್ತು ಕೆರೆ ಏರಿ ಹತ್ತಿದರೆ ಮೊದಲು ಕಿವಿಗೆ ಬೀಳುವುದು ಹಕ್ಕಿಗಳ ಗದ್ದಲ, ಆಮೇಲೆ ಮೂಗಿಗೆ ಬಡಿಯುವುದು ಹಿಕ್ಕೆಯ ನಾತ. ನೀರಿನ ನಡುವೆ ನಿಂತ ಕರಿಜಾಲಿ ಮರಗಳು ಸುಣ್ಣ ಬಳಿದಷ್ಟು ಬೆಳ್ಳಗಿವೆ. ಬಣ್ಣದ ಕೊಕ್ಕರೆಯೊಂದು ಗಂಟಲಲ್ಲಿ ತುಂಬಿ ತಂದ ಮೀನನ್ನು ಗೂಡಿನಲ್ಲಿ ಕಕ್ಕುತ್ತದೆ, ಮರಿಗಳು ಮುಗಿಬೀಳುತ್ತವೆ. ಉದುರಿದ ಹಿಕ್ಕೆ ನೀರಿಗೆ ಗೊಬ್ಬರ, ಆ ನೀರಿನಲ್ಲಿ ಕೊಬ್ಬಿದ ಮೀನು ಮತ್ತೆ ಗೂಡಿಗೆ ಏರುತ್ತದೆ.

ಸುಮಾರು 244 ಎಕರೆಯ ಈ ಕೆರೆ ಹಕ್ಕಿಗಳಿಗೆಂದು ಕಟ್ಟಿದ್ದಲ್ಲ, ಹೊಲಗದ್ದೆಗೆಂದು ಕಟ್ಟಿದ್ದು. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದೂ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳಿಗೆ ಇದು ಆಸರೆ.

ಸಂರಕ್ಷಣಾ ಮೀಸಲು ಅಭಯಾರಣ್ಯದಂಥದ್ದಲ್ಲ. ವನ್ಯಜೀವಿ ಕಾಯ್ದೆಯ ಪ್ರಕಾರ, ಊರವರ ಜೊತೆ ಮಾತಾಡಿದ ಮೇಲೆಯೇ ಅದನ್ನು ಘೋಷಿಸಬೇಕು. ಅದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಅರಣ್ಯ ಇಲಾಖೆಯಷ್ಟೇ ಅಲ್ಲ, ಗ್ರಾಮ ಪಂಚಾಯಿತಿ, ಸ್ವಯಂಸೇವಾ ಸಂಸ್ಥೆಗಳು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಯವರೂ ಇರಬೇಕು. ರೈತ, ಅಧಿಕಾರಿ, ಹಕ್ಕಿಪ್ರೇಮಿ ಒಂದೇ ಚಾಪೆಯ ಮೇಲೆ ಕೂತು ಒಂದೇ ನೀರಿನ ಲೆಕ್ಕ ಹಾಕಬೇಕು. ಸುಸ್ಥಿರ ಅಭಿವೃದ್ಧಿ ಎಂಬ ಭಾರವಾದ ಮಾತಿಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ನೇರವಾದ ಅರ್ಥ ನನಗಂತೂ ಸಿಕ್ಕಿಲ್ಲ.

ಏಕೆಂದರೆ ಇಲ್ಲಿ ಎಲ್ಲ ಜಗಳವೂ ಕೊನೆಗೆ ನೀರಿಗೇ ಬಂದು ನಿಲ್ಲುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಮಳೆ ನಂಬಿದ ತಾಲ್ಲೂಕುಗಳು. ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳ, ಶೇಂಗಾ ಒಣಗುತ್ತವೆ; ತಾಂಡಾಗಳಲ್ಲಿ ಮನೆಗೆ ಬೀಗ ಬೀಳುತ್ತದೆ, ಜನ ಗುಳೆ ಹೊರಡುತ್ತಾರೆ. ತುಂಗಭದ್ರೆ ಪಕ್ಕದಲ್ಲೇ ಹರಿಯುತ್ತಾಳೆ. ಆದರೆ 1953ರಲ್ಲಿ ಅಣೆಕಟ್ಟಿನಲ್ಲಿ ನೀರು ನಿಂತಾಗ ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಸಿಕ್ಕಿದ್ದು ಮುಳುಗಡೆ. ಕಾಲುವೆಗಳು ಹರಿದದ್ದು ಕೆಳಗಿನ ಬಯಲಿಗೆ. ಈ ನೋವು ಇನ್ನೂ ಮಾಸಿಲ್ಲ.

ಅದಕ್ಕೇ ಕೆರೆ ತುಂಬಿಸುವ ಯೋಜನೆ ಎಂದರೆ ಇಲ್ಲಿನವರಿಗೆ ಜೀವ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತರುವ ಯೋಜನೆ ಬಂತು, ಹರಪನಹಳ್ಳಿಯ ಕೆರೆಗಳಿಗೂ ಬಂತು. ಹಡಗಲಿ ಕಡೆಗೆ ಸಿಂಗಟಾಲೂರು ಏತ ನೀರಾವರಿ ಇದೆ. ಈ ಖರ್ಚು ತಪ್ಪೆಂದು ನಾನು ಹೇಳುವುದಿಲ್ಲ. ಕೆರೆಯಲ್ಲಿ ನೀರು ನಿಂತರೆ ಸುತ್ತಲ ಕೊಳವೆಬಾವಿಗಳಿಗೂ ಉಸಿರು ಬರುತ್ತದೆ. ಆದರೆ ಪೈಪು ಹಾಕುವುದಕ್ಕೆ ಸಿಗುವ ದುಡ್ಡು, ಹಾಕಿದ ಮೇಲೆ ಕಾಯುವುದಕ್ಕೆ ಸಿಗುವುದಿಲ್ಲ. ಮೋಟಾರು ಸುಟ್ಟರೆ ಯಾರು ಕಟ್ಟಿಸಬೇಕು, ಕರೆಂಟು ಬಿಲ್ಲು ಯಾರು ತುಂಬಬೇಕು, ತೂಬು ಯಾರು ತೆರೆಯಬೇಕು? ಹಿಂದೆ ಇದಕ್ಕೊಬ್ಬ ನೀರಗಂಟಿ ಇದ್ದ. ಎಲ್ಲರ ಹೊಲಕ್ಕೂ ಸರದಿಯಂತೆ ನೀರು ಬಿಡುತ್ತಿದ್ದ, ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದ. ಇವತ್ತಿನ ಅಂದಾಜುಪಟ್ಟಿಯಲ್ಲಿ ನೀರೆತ್ತುವ ಜಾಕ್‌ವೆಲ್‌ಗೆ ಜಾಗವಿದೆ, ನೀರಗಂಟಿಗೆ ಇಲ್ಲ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮ ಈ ವಿಷಯದಲ್ಲಿ ಒಂದು ಒಳ್ಳೆಯ ದಾರಿ ಹಿಡಿದಿದೆ. ಊರಲ್ಲಿ ಕೆರೆ ಸಮಿತಿ ಕಟ್ಟಿ, ಹೂಳೆತ್ತಲು ಯಂತ್ರದ ವೆಚ್ಚ ಸಂಸ್ಥೆ ಕೊಡುತ್ತದೆ. ಎತ್ತಿದ ಹೂಳನ್ನು ರೈತರು ತಮ್ಮ ಟ್ರ್ಯಾಕ್ಟರಿನಲ್ಲೇ ಹೊಲಕ್ಕೆ ಸಾಗಿಸಬೇಕು. ತನ್ನ ಡೀಸೆಲ್ ಸುಟ್ಟು ಗೋಡುಮಣ್ಣು ಹೊತ್ತವನು ನಾಳೆ ಕೆರೆ ಒತ್ತುವರಿಯಾದರೆ ಸುಮ್ಮನಿರಲಾರ.

ಕಂಪನಿಗಳ ಮಾತು ಬೇರೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆನ್ನುತ್ತದೆ. ಸುತ್ತಲಿನ ಊರಿಗೇ ಆದ್ಯತೆ ಎಂದೂ ಹೇಳುತ್ತದೆ. ಹಾಗಾಗಿ ಉಕ್ಕಿನ ಕಾರ್ಖಾನೆಗಳಿರುವ ತೋರಣಗಲ್ಲು ಸುತ್ತ ಈ ಹಣ ಕಾಣುತ್ತದೆ. ಗಣಿ ಕಂಪನಿಗಳು ತುಂಬುವ ಜಿಲ್ಲಾ ಖನಿಜ ನಿಧಿಗೂ ಗಣಿಬಾಧಿತ ಊರುಗಳೇ ಮೊದಲು, ಅದು ನ್ಯಾಯವೂ ಹೌದು. ಆದರೆ ಹರಪನಹಳ್ಳಿ ಸೀಮೆಯ ಗುಡ್ಡಗಳ ಮೇಲೆ ಹಗಲಿರುಳು ತಿರುಗುವ ಗಾಳಿಯಂತ್ರಗಳ ಕೆಳಗಿನ ಹಳ್ಳಿಗಳೂ ಯಾವುದಾದರೊಂದು ಕಂಪನಿಯ ‘ಸುತ್ತಲಿನ ಊರು’ ಅಲ್ಲವೇ? ಹೊಸ ಶಾಲಾ ಕೊಠಡಿಗೆ ಹಾಕುವ ಫಲಕದಷ್ಟೇ ಹೆಮ್ಮೆಯಿಂದ ಒಬ್ಬ ನೀರಗಂಟಿಯ ಹತ್ತು ವರ್ಷದ ಸಂಬಳವನ್ನು ಯಾರಾದರೂ ಹೊರಲಿ.

ಅಂಕಸಮುದ್ರದ ಕೆರೆಯೂ ತುಂಗಭದ್ರೆಯ ಹಿನ್ನೀರಿನಿಂದ ಬರುವ ನೀರಿಗೆ ಕಾಯುತ್ತದೆ. ಬೇಸಿಗೆ ಏರಿದಂತೆ ನೀರು ಅಂಚಿನಿಂದ ಹಿಂದೆ ಸರಿಯುತ್ತದೆ, ಕೆಸರು ಬಿರಿಯುತ್ತದೆ. ಮರಗಳ ಸುತ್ತ ನೀರಿರುವವರೆಗೆ ನಾಯಿಗಳು ಗೂಡಿನ ಬುಡಕ್ಕೆ ಹೋಗಲಾರವು. ಏರಿಯ ಆಚೆ ರೈತನಿಗೆ ಇನ್ನೊಂದು ನೀರು ಸಿಕ್ಕರೆ ಬೆಳೆ ಕೈಗೆ ಬರುತ್ತದೆ. ಈಚೆ ಮರಿಗಳಿಗೆ ರೆಕ್ಕೆ ಬಲಿಯಲು ಇನ್ನೂ ಕೆಲವು ವಾರ ಬೇಕು. ತೂಬಿನ ಬಳಿ ಕೂತು ಮೀಸಲಿನ ಸಮಿತಿಯವರು ಆ ವಾರಗಳನ್ನೇ ಎಣಿಸಬೇಕು.