ಒರೆಗಲ್ಲಿನಿಂದ ತೂಕದ ಕಡೆಗೆ: ಕೋಲಾರ ಸೀಮೆ ಮತ್ತು ಮಿದುಳಿನ ಎಂ.ಆರ್.ಐ. ಸಂಶೋಧನೆ

‘ಅರವತ್ತಕ್ಕೆ ಅರಳುಮರಳು’ ಎಂಬುದು ಕನ್ನಡ ಜನಪದರ ಪ್ರಸಿದ್ಧ ಗಾದೆ. ಮುಪ್ಪಿನ ಮರೆವನ್ನು ಅದು ಸಹಜವೆಂದೇ ಒಪ್ಪಿಕೊಳ್ಳುತ್ತದೆ. ಆದುದರಿಂದಲೇ ಮರೆವು ಕಾಯಿಲೆಯಾದಾಗಲೂ ಹಳ್ಳಿಗಳಲ್ಲಿ ಅದನ್ನು ಗುರುತಿಸುವುದು ತಡವಾಗುತ್ತದೆ. ಈ ದೃಷ್ಟಿಯಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಲ್ಲಿ ಆರಂಭವಾದ ಅಧ್ಯಯನ ಗಮನಾರ್ಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ದಾಟಿದ 10,000 ಗ್ರಾಮೀಣರನ್ನು ದೀರ್ಘಕಾಲ ಗಮನಿಸುವ ಗುರಿಯಿಂದ ಇದನ್ನು ಕೈಗೊಂಡಿತು. ರಕ್ತಪರೀಕ್ಷೆ, ಸ್ಮೃತಿಪರೀಕ್ಷೆಗಳ ಜೊತೆಗೆ ಎಂ.ಆರ್.ಐ. ಚಿತ್ರಣವೂ ಅದರ ಅಂಗ.

ಚಿನ್ನದ ಸೀಮೆಯಲ್ಲಿ ಅಳತೆಯ ತೊಡಕನ್ನು ಚಿನ್ನದಿಂದಲೇ ವಿವರಿಸಬಹುದು. ಅಕ್ಕಸಾಲಿಗನು ಒರೆಗಲ್ಲಿನ ಮೇಲೆ ಉಜ್ಜಿದ ಗೆರೆಯ ಬಣ್ಣವನ್ನು ಮತ್ತೊಂದು ಗೆರೆಯೊಡನೆ ಹೋಲಿಸುತ್ತಾನೆ. ಸಾಮಾನ್ಯ ಎಂ.ಆರ್.ಐ. ಚಿತ್ರವೂ ಹೀಗೆಯೇ; ಅದರ ಕಪ್ಪುಬಿಳುಪಿಗೆ ಪಕ್ಕದ ಭಾಗದೊಡನೆ ಹೋಲಿಸಿದಾಗಲೇ ಅರ್ಥ. ಯಂತ್ರ ಬದಲಾದರೆ ಛಾಯೆಯೂ ಬದಲಾಗುತ್ತದೆ. ಐದು ವರ್ಷದ ಅಂತರದ ಎರಡು ಚಿತ್ರಗಳಲ್ಲಿ ವ್ಯತ್ಯಾಸ ಕಂಡರೆ ಅದು ಮಿದುಳಿನದೋ ಯಂತ್ರದ್ದೋ ಎಂಬ ಸಂಶಯ ಉಳಿಯುತ್ತದೆ. ಗುಲಗಂಜಿ ಹಾಕಿ ತೂಗಿದಂತೆ ಅಂಕಿಯನ್ನೇ ಪಡೆಯುವುದು ಪರಿಮಾಣಾತ್ಮಕ ಎಂ.ಆರ್.ಐ.ನ ಉದ್ದೇಶ.

ತೂಗಬೇಕಾದುದು ಕಾಲವನ್ನು. ದೇಹದ ನೀರಿನಲ್ಲಿರುವ ಹೈಡ್ರೊಜನ್ ಪರಮಾಣುಗಳ ಪ್ರೋಟಾನುಗಳು ಬಲವಾದ ಕಾಂತಕ್ಷೇತ್ರದಲ್ಲಿ ಒಂದು ದಿಕ್ಕಿಗೆ ವಾಲುತ್ತವೆ. ರೇಡಿಯೊ ತರಂಗದಿಂದ ಕದಲಿಸಿದರೆ ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತವೆ. 3 ಟೆಸ್ಲಾ ಯಂತ್ರದಲ್ಲಿ ಈ ಮರಳುವಿಕೆಯ ಕಾಲಮಾನ ಮಿದುಳಿನ ಬಿಳಿ ಭಾಗದಲ್ಲಿ ಸುಮಾರು 850 ಮಿಲಿಸೆಕೆಂಡು. ಬೂದು ಭಾಗದಲ್ಲಿ 1300ಕ್ಕೂ ಹೆಚ್ಚು. (ಇದೇ ಪ್ರೋಟಾನು ಅಳಿಯುವುದುಂಟೇ ಎಂದು 1980ರ ದಶಕದಲ್ಲಿ ವಿಜ್ಞಾನಿಗಳು ಕೆ.ಜಿ.ಎಫ್.ನ ನೆಲದಾಳದಲ್ಲಿ ಕಾದು ಕುಳಿತಿದ್ದುದು ಈ ಸೀಮೆಯ ಇನ್ನೊಂದು ಕಥೆ.)

ಆದರೆ ಇಂಥ ಅಳತೆಗೆ ಬೇರೆ ಬೇರೆ ಹೊಂದಿಕೆಗಳಲ್ಲಿ ಹಲವು ಬಾರಿ ಚಿತ್ರ ತೆಗೆಯಬೇಕು. ವೃದ್ಧರು ಅಷ್ಟು ಹೊತ್ತು ತಲೆ ಅಲುಗಿಸದೆ ಮಲಗುವುದು ಕಷ್ಟ. ಅಲುಗಿದರೆ ಅಳತೆ ಕೆಟ್ಟಂತೆ. ವೇಗದ ಶೋಧನೆ ಬೆಳೆದುದು ಇಂಥ ಒತ್ತಡದಿಂದಲೇ. ಹಲವು ಸುರುಳಿಗಳಿಂದ ಏಕಕಾಲಕ್ಕೆ ಸಂಕೇತ ಗ್ರಹಿಸುವ ವಿಧಾನ 1990ರ ದಶಕದಲ್ಲಿಯೂ, ಕಡಿಮೆ ಮಾಹಿತಿಯಿಂದ ಪೂರ್ಣಚಿತ್ರವನ್ನು ಪುನರ್ರಚಿಸುವ ವಿಧಾನ 2007ರಲ್ಲಿಯೂ ಪ್ರಕಟವಾದವು. 2013ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಬೆರಳಚ್ಚು’ ವಿಧಾನದಲ್ಲಿ ಯಂತ್ರದ ಹೊಂದಿಕೆಗಳನ್ನು ಬೇಕೆಂದೇ ಏರುಪೇರು ಮಾಡುತ್ತಾರೆ. ಪ್ರತಿ ಅಂಗಾಂಶವೂ ತನ್ನದೇ ಲಯದಲ್ಲಿ ಉತ್ತರಿಸುತ್ತದೆ. ಆ ಲಯವನ್ನು ಮೊದಲೇ ಲೆಕ್ಕ ಹಾಕಿಟ್ಟ ನಿಘಂಟಿನಲ್ಲಿ ಹುಡುಕಿದರೆ ಒಂದೇ ಚಿತ್ರಣದಿಂದ ಹಲವು ಅಂಕಿಗಳು ದೊರೆಯುತ್ತವೆ. ಹೊಸದಾಗಿ ಸಂಗ್ರಹಿಸಿದ ಕಥೆಯನ್ನು ಆಶಯಸೂಚಿಯ ನೆರವಿನಿಂದ ಗುರುತಿಸುವ ಜಾನಪದ ವಿದ್ವಾಂಸರಿಗೆ ಈ ಕ್ರಮ ಅಪರಿಚಿತವೆನಿಸದು.

ಶ್ರೀನಿವಾಸಪುರದ ಅಧ್ಯಯನದ ವ್ಯಾಪ್ತಿ ಕೃಷಿಕ ಹಳ್ಳಿಗಳಿಗೆ ಸೀಮಿತ. 2001ರಲ್ಲಿ ಗಣಿ ಮುಚ್ಚುವವರೆಗೆ ಬಿಸಿಯಲ್ಲಿ, ಸಿಲಿಕಾ ಧೂಳಿನಲ್ಲಿ ದುಡಿದ ಕೆ.ಜಿ.ಎಫ್. ಕಾರ್ಮಿಕರೂ, ಗಣಿ ಮುಚ್ಚಿದ ಮೇಲೆ ಬಂಗಾರಪೇಟೆ ಮಾರ್ಗದ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದವರೂ ಅದರಲ್ಲಿ ಸೇರಿಲ್ಲ. ಮುಂದೆ ಅವರ ಮಿದುಳಿನ ಚಿತ್ರಣ ನಡೆದರೆ ಅದು ಬೇರೆ ಯಂತ್ರದಲ್ಲಿ, ಬೇರೆ ಆಸ್ಪತ್ರೆಯಲ್ಲಿ ನಡೆಯಬಹುದು. ಆಗ ಬೇಸಾಯದ ಹಳ್ಳಿಯನ್ನೂ ಗಣಿಯ ಊರನ್ನೂ ಹೋಲಿಸಲು ಛಾಯೆಗಳು ನೆರವಾಗಲಾರವು. ಮಿಲಿಸೆಕೆಂಡಿನ ಅಂಕಿಗಳಾದರೆ ನೆರವಾಗಬಲ್ಲವು.