ಕೆರೆಯಂಚಿನ ನೆಲ: ಬೆಂಗಳೂರಿನ ಅಂತರವಲಯವೂ ಭೂಸ್ವಾಮಿಗಳ ಆಕ್ಷೇಪವೂ

ಊರಿನೊಳಗಿನ ನೆಲವನ್ನು ಯಾವ ಯಾವ ಉಪಯೋಗಕ್ಕೆ ಬಿಡಬೇಕೆಂಬುದನ್ನು ಮುಂದಾಗಿಯೇ ನಿರ್ಣಯಿಸಿ ನಕ್ಷೆಯಲ್ಲಿ ಗುರುತಿಸುವ ಕ್ರಮಕ್ಕೆ ನಗರ ಯೋಜನೆಯೆಂದು ಹೆಸರು. ಕರ್ಣಾಟಕದಲ್ಲಿ ಈ ಕ್ರಮಕ್ಕೆ ಆಧಾರವಾಗಿರುವುದು ೧೯೬೧ನೆಯ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಅದಕ್ಕನುಸಾರವಾಗಿ ಬೆಂಗಳೂರಿಗಾಗಿ ಸಿದ್ಧವಾದ ಪರಿಷ್ಕೃತ ಮಹಾಯೋಜನೆ ೨೦೦೭ರಲ್ಲಿ ಜಾರಿಗೆ ಬಂದಿತು. ಕೆರೆಗಳ ಸುತ್ತಲೂ ರಾಜಕಾಲುವೆಗಳ ಇಕ್ಕೆಲಗಳಲ್ಲಿಯೂ ಗೊತ್ತಾದ ದೂರದವರೆಗೆ ಮನೆಮಾಳಿಗೆಗಳನ್ನು ಕಟ್ಟಕೂಡದೆಂದು ಆ ಯೋಜನೆ ವಿಧಿಸಿತು. ರೂಢಿಯಲ್ಲಿ ಬಫರ್ ವಲಯವೆನಿಸಿಕೊಂಡ ಈ ಅಂತರವಲಯವನ್ನು ಕುರಿತು ಭೂಸ್ವಾಮಿಗಳು ಎತ್ತಿದ ಆಕ್ಷೇಪಗಳು ನ್ಯಾಯಾಲಯಗಳವರೆಗೂ ಶಾಸನಸಭೆಯವರೆಗೂ ಹೋಗಿವೆ. ಆ ಆಕ್ಷೇಪಗಳನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವುದೂ, ಅಂತರವಲಯವನ್ನು ಬರಿಯ ದಬ್ಬಾಳಿಕೆಯೆಂದು ಹಳಿಯುವುದೂ ವಿವಾದದ ನಿಜಸ್ವರೂಪವನ್ನು ಮರೆಸುತ್ತವೆ. ಅಂತರ ಬೇಕೆ ಬೇಡವೆ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆಯಲ್ಲ. ಎಲ್ಲರ ಹಿತಕ್ಕಾಗಿ ಕೆಲವರು ಹೊರಬೇಕಾದ ಭಾರಕ್ಕೆ ಪ್ರತಿಫಲವೇನೆಂಬುದೇ ಮುಖ್ಯ ಪ್ರಶ್ನೆ.

ಅಂತರವಲಯದ ಆವಶ್ಯಕತೆಯನ್ನು ತಿಳಿಯಬೇಕಾದರೆ ಊರಿನ ನೆಲದ ರಚನೆಯನ್ನು ನೋಡಬೇಕು. ಬೆಂಗಳೂರು ದೊಡ್ಡ ನದಿಯ ದಡದಲ್ಲಿರುವ ಊರಲ್ಲ. ಎತ್ತರದ ದಿಣ್ಣೆಯ ಮೇಲಿನ ಊರು. ಅಲ್ಲಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಮೊದಲೆರಡರ ನೀರು ದಕ್ಷಿಣ ಪಿನಾಕಿನಿಯನ್ನೂ, ವೃಷಭಾವತಿಯ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನೂ ಸೇರುತ್ತದೆ. ಈ ಇಳುಕಲಿನಲ್ಲಿ ಹಿಂದಿನವರು ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಹರಿದರೆ ಆ ನೀರು ಕಾಲುವೆಗೂಡಿ ಕೆಳಗಿನ ಕೆರೆಗೆ ಬರುತ್ತದೆ. ಆದಕಾರಣ ಕೆರೆಯೆಂದರೆ ನೀರು ನಿಂತ ತಗ್ಗು ಮಾತ್ರವಲ್ಲ. ಅದಕ್ಕೆ ನೀರೊದಗಿಸುವ ಕಾಲುವೆ, ಮಳೆಗಾಲದಲ್ಲಿ ನೀರು ಹರಡಿಕೊಳ್ಳುವ ಅಂಚಿನ ಜವುಗು ನೆಲ, ಹೆಚ್ಚಿನ ನೀರನ್ನು ಸಾಗಿಸುವ ಕೋಡಿ, ಇವೆಲ್ಲವೂ ಕೂಡಿ ಒಂದು ವ್ಯವಸ್ಥೆ. ಅಂಚಿನ ನೆಲವನ್ನು ಮಣ್ಣು ತುಂಬಿ ಎತ್ತರಿಸಿದರೆ ಅಲ್ಲಿ ಹರಡಬೇಕಾದ ನೀರು ಕೆಳಗಿನವರ ಮನೆಗಳನ್ನು ಹೊಗುತ್ತದೆ. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ಊರಿನ ಪೂರ್ವಭಾಗದ ಹೊರವರ್ತುಲ ರಸ್ತೆಯೂ ಅದರ ನೆರೆಯ ಬಡಾವಣೆಗಳೂ ಜಲಾವೃತವಾದುದು ಇದಕ್ಕೆ ನಿದರ್ಶನ.

೨೦೦೭ರ ಯೋಜನೆ ಕೆರೆಗೆ ೩೦ ಮೀಟರಿನ ಅಂತರವನ್ನು ಗೊತ್ತುಮಾಡಿತು. ಕಾಲುವೆಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ ಕ್ರಮವಾಗಿ ೫೦, ೨೫, ೧೫ ಮೀಟರುಗಳನ್ನು ಕಾಲುವೆಯ ನಡುಗೆರೆಯಿಂದ ಅಳೆಯಬೇಕೆಂದಿತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಣ ನೆಲದಲ್ಲಿ ಹೊರಟಿದ್ದ ಭಾರಿ ಕಟ್ಟಡಗಳ ವಿಷಯದಲ್ಲಿ ಹುಟ್ಟಿದ ವ್ಯಾಜ್ಯವನ್ನು ವಿಚಾರಿಸಿದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೨೦೧೬ರ ಮೇ ೪ರಂದು ಈ ಅಳತೆಯನ್ನು ಹಿಗ್ಗಿಸಿತು. ಅದರಂತೆ ಕೆರೆಗೆ ೭೫ ಮೀಟರು. ಕಾಲುವೆಗಳಿಗೆ ೫೦, ೩೫, ೨೫ ಮೀಟರು. ಅದೂ ನಡುಗೆರೆಯಿಂದಲ್ಲ, ಅಂಚಿನಿಂದ. ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೯ರ ಮಾರ್ಚ್ ೫ರಂದು ಆ ನಿರ್ದೇಶವನ್ನು ರದ್ದುಗೊಳಿಸಿತು. ಮಹಾಯೋಜನೆ ಶಾಸನಬಲವುಳ್ಳದ್ದಾದುದರಿಂದ ಅದನ್ನು ತಿದ್ದುವ ಅಧಿಕಾರ ನ್ಯಾಯಾಧಿಕರಣಕ್ಕಿಲ್ಲವೆಂಬುದು ತೀರ್ಪಿನ ತಿರುಳು. ಅಂತರವೇ ಅನಾವಶ್ಯಕವೆಂದು ಆ ತೀರ್ಪು ಹೇಳಲಿಲ್ಲ. ೨೦೦೭ರ ಅಳತೆಗಳು ಹಾಗೆಯೇ ಉಳಿದುವು. ೨೦೧೭ರಲ್ಲಿ ಪ್ರಕಟವಾದ ಹೊಸ ಕರಡು ಯೋಜನೆ ಅಂತಿಮಗೊಳ್ಳದೆ ಹಿಂತೆಗೆಯಲ್ಪಟ್ಟಿತು. ೨೦೨೫ರಲ್ಲಿ ಕೆರೆಯ ವಿಸ್ತೀರ್ಣವನ್ನನುಸರಿಸಿ ಅಂತರವನ್ನು ಕಡಮೆ ಮಾಡುವ ಮಸೂದೆಯೊಂದನ್ನು ರಾಜ್ಯದ ಶಾಸನಸಭೆ ಅಂಗೀಕರಿಸಿತು.

ಭೂಸ್ವಾಮಿಗಳ ಆಕ್ಷೇಪಗಳು ಮುಖ್ಯವಾಗಿ ಮೂರು.

ಮೊದಲನೆಯದು, ಒತ್ತುವರಿಗೂ ಅಂತರವಲಯಕ್ಕೂ ಇರುವ ಭೇದ ಮರೆತುಹೋಗಿದೆಯೆಂಬುದು. ಕೆರೆಯಂಗಳವೂ, ಗ್ರಾಮನಕ್ಷೆಯಲ್ಲಿ ಗುರುತಾದ ರಾಜಕಾಲುವೆಯೂ, ಬಿ ಖರಾಬು ಎನ್ನಿಸಿಕೊಂಡ ನೆಲವೂ ಸಾರ್ವಜನಿಕವಾದುವು. ಅಲ್ಲಿ ಕಟ್ಟಿದವನು ಪರರ ಸ್ವತ್ತನ್ನು ಆಕ್ರಮಿಸಿದವನು. ಅಂತರವಲಯದ ನೆಲವಾದರೋ ಅನೇಕ ಕಡೆ ಪಟ್ಟೆದಾರನ ಸ್ವಂತ ನೆಲ. ಅಲ್ಲಿ ಅವನ ಸ್ವಾಮ್ಯ ಹೋಗಿಲ್ಲ, ಉಪಯೋಗ ಮಾತ್ರ ಕುಂಠಿತವಾಗಿದೆ. ೨೦೧೬ರ ಆಗಸ್ಟಿನಲ್ಲಿ ಆಗಿನ ಮಹಾನಗರ ಪಾಲಿಕೆ ರಾಜಕಾಲುವೆಗಳ ತೆರವಿಗಾಗಿ ಮನೆಗಳನ್ನು ಕೆಡವಿದಾಗ, ನೋಂದಣಿಯಾದ ಕ್ರಯಪತ್ರವೂ ಮಂಜೂರಾದ ನಕ್ಷೆಯೂ ಇದ್ದವರು ಕೂಡ ಮನೆ ಕಳೆದುಕೊಂಡರು. ಒಂದು ಕಚೇರಿ ಒಪ್ಪಿದುದನ್ನು ಇನ್ನೊಂದು ಅಲ್ಲಗಳೆದರೆ ಕೊಂಡವನು ಯಾವುದನ್ನು ನಂಬಬೇಕು?

ಎರಡನೆಯದು, ಗೆರೆ ಸ್ಥಿರವಾಗಿಲ್ಲವೆಂಬುದು. ಮೂವತ್ತು ಮೀಟರು ಎಪ್ಪತ್ತೈದಾಗಿ ಮತ್ತೆ ಮೂವತ್ತಾದುದು ಕಾಗದದ ಮೇಲೆ ಅಲ್ಪವಾಗಿ ಕಾಣಬಹುದು. ಆದರೆ ಒಂದು ಕಿಲೋಮೀಟರು ಉದ್ದದ ಅಂಚಿನಲ್ಲಿ ಹೆಚ್ಚಿದ ನಲವತ್ತೈದು ಮೀಟರಿನೊಳಕ್ಕೆ ಸುಮಾರು ಹನ್ನೊಂದು ಎಕರೆ ನೆಲ ಸೇರುತ್ತದೆ. ಮೂವತ್ತು ನಲವತ್ತು ಅಡಿಯ ಸೈಟೊಂದೇ ಆಸ್ತಿಯಾಗಿರುವ ಸಂಸಾರಕ್ಕೆ ಗೆರೆ ಹತ್ತು ಮೀಟರು ಸರಿದರೂ ಸರ್ವಸ್ವವೇ ಸರಿದಂತೆ. ಇದಲ್ಲದೆ ಕಾಲುವೆಗಳೇ ಅನೇಕ ಕಡೆ ದಿಕ್ಕು ಬದಲಿಸಿವೆ, ಇಲ್ಲವೆ ಮುಚ್ಚಿಹೋಗಿವೆ. ಗ್ರಾಮನಕ್ಷೆಯ ಗೆರೆಯಿಂದ ಅಳೆಯಬೇಕೋ ಈಗ ನೀರು ಹರಿಯುವ ದಾರಿಯಿಂದ ಅಳೆಯಬೇಕೋ ಎಂಬ ಪ್ರಶ್ನೆ ಅಲ್ಲಿ ಬಗೆಹರಿಯದೆ ಉಳಿಯುತ್ತದೆ.

ಮೂರನೆಯದು, ಪರಿಹಾರವಿಲ್ಲವೆಂಬುದು. ಸಂವಿಧಾನದ ೩೦೦-ಎ ಅನುಚ್ಛೇದದ ಪ್ರಕಾರ ಕಾನೂನಿನ ಬಲವಿಲ್ಲದೆ ಯಾರ ಸ್ವತ್ತನ್ನೂ ಕಸಿಯುವಂತಿಲ್ಲ. ಉದ್ಯಾನ, ರಸ್ತೆ ಮೊದಲಾದುವಕ್ಕೆಂದು ಯೋಜನೆಯಲ್ಲಿ ಗುರುತಿಸಿದ ಖಾಸಗಿ ನೆಲವನ್ನು ಐದು ವರ್ಷಗಳೊಳಗೆ ಸ್ವಾಧೀನಕ್ಕೆ ತೆಗೆದುಕೊಳ್ಳುವ ಕ್ರಮ ಆರಂಭವಾಗದಿದ್ದರೆ ಆ ಗುರುತು ತಾನಾಗಿಯೇ ಬಿದ್ದುಹೋಗುವುದೆಂದು ೧೯೬೧ರ ಅಧಿನಿಯಮದ ೬೯ನೆಯ ಪ್ರಕರಣ ಹೇಳುತ್ತದೆ. ಅಂತರವಲಯದಲ್ಲಿಯಾದರೋ ಸರ್ಕಾರ ನೆಲವನ್ನು ತೆಗೆದುಕೊಳ್ಳುವುದೂ ಇಲ್ಲ, ಬಿಟ್ಟುಕೊಡುವುದೂ ಇಲ್ಲ. ಕೊಳ್ಳುವವರಿಲ್ಲದ ನೆಲಕ್ಕೆ ಒಡೆಯನೆನಿಸಿಕೊಂಡಿರುವುದೇ ಅವನ ಪಾಲಿಗೆ ಉಳಿದುದು.

ಈ ಆಕ್ಷೇಪಗಳಿಗೆ ಪ್ರತ್ಯುತ್ತರಗಳೂ ಬಲವಾದುವೇ ಆಗಿವೆ. ತನ್ನ ನೆಲವನ್ನು ನೆರೆಯವನಿಗೆ ಹಾನಿಯಾಗುವಂತೆ ಬಳಸುವ ಹಕ್ಕು ಯಾರಿಗೂ ಎಂದಿಗೂ ಇದ್ದುದಿಲ್ಲ. ಇಲ್ಲದ ಹಕ್ಕಿಗೆ ಪರಿಹಾರವೆಲ್ಲಿಯದು? ೨೦೦೭ರ ತರುವಾಯ ಕೊಂಡವನು ಗೆರೆಯನ್ನು ತಿಳಿದು, ಅದರಿಂದ ಇಳಿದ ಬೆಲೆಗೆ ಕೊಂಡವನಾಗಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕೆಳಗಿನ ತಗ್ಗಿನಲ್ಲಿ ಮನೆ ಕಟ್ಟಿಕೊಂಡವನೂ ಭೂಸ್ವಾಮಿಯೇ. ಮೇಲಿನವನ ಅಂಚು ತುಂಬಿದರೆ ಮುಳುಗುವುದು ಅವನ ಸ್ವತ್ತು. ಹೀಗೆ ಈ ವಿವಾದ ಸ್ವಾಮ್ಯಕ್ಕೂ ಪರಿಸರಕ್ಕೂ ನಡೆದ ಕಲಹವೆಂದು ತೋರಿದರೂ ಒಳಹೊಕ್ಕು ನೋಡಿದರೆ ಒಂದು ಸ್ವಾಮ್ಯಕ್ಕೂ ಇನ್ನೊಂದು ಸ್ವಾಮ್ಯಕ್ಕೂ ನಡೆದ ಕಲಹವಾಗಿದೆ.

ಇಲ್ಲಿ ಶಾಸನಗಳ ಸಾಕ್ಷ್ಯ ವಿಚಾರಾರ್ಹವಾಗಿದೆ. ವ್ಯಾಜ್ಯಕ್ಕೆ ಕಾರಣವಾದ ಅಗರದಲ್ಲಿಯೇ ದೊರೆತ, ಗಂಗರ ಕಾಲದ ಒಂಬತ್ತನೆಯ ಶತಮಾನದ ಕನ್ನಡ ಶಾಸನವೊಂದು, ಇರುಗಮಯ್ಯನೆಂಬಾತನು ಎರಡು ಕೆರೆಗಳಿಗೆ ತೂಬನ್ನಿರಿಸಿ ಮೂರನೆಯದೊಂದನ್ನು ಕಟ್ಟಿಸಿದನೆಂದು ತಿಳಿಸುತ್ತದೆ. ಇಂಥ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವನಿಗೂ ಕಾಯ್ದುಕೊಂಡು ಬಂದವನಿಗೂ ಬಿಟ್ಟುಕೊಟ್ಟ ನೆಲ ಅಥವಾ ಉತ್ಪತ್ತಿಯ ಭಾಗವೆಂದು ಅವುಗಳ ಅರ್ಥ. ಆ ಕಾಲದ ಸಮಾಜವನ್ನು ಈ ಕಾಲಕ್ಕೆ ಮಾದರಿಯಾಗಿ ಎತ್ತಿಹಿಡಿಯಬೇಕಾಗಿಲ್ಲ. ಆಗಿನ ಕೆರೆ ಗದ್ದೆಗೆ ನೀರುಣಿಸಿತು, ಈಗಿನದು ನೆರೆಯನ್ನು ತಡೆಯಬೇಕಾಗಿದೆ. ಆದರೂ ಒಂದು ತತ್ತ್ವ ಅಲ್ಲಿ ಸ್ಪಷ್ಟವಾಗಿದೆ: ನೀರಿನ ಭಾರವನ್ನು ಹೊತ್ತವನಿಗೆ ನೀರಿನಿಂದಲೇ ಒಂದು ಪಾಲು ಸಲ್ಲುತ್ತಿತ್ತು. ಹೊಸ ಯೋಜನೆ ಭಾರವನ್ನು ಉಳಿಸಿಕೊಂಡು ಪಾಲನ್ನು ಬಿಟ್ಟಿದೆ.

ಆ ಪಾಲನ್ನು ಕೊಡುವುದಕ್ಕೆ ಸಾಧನವಿಲ್ಲದಿಲ್ಲ. ರಸ್ತೆ ಮೊದಲಾದ ಕಾರ್ಯಗಳಿಗಾಗಿ ನೆಲ ಬಿಟ್ಟುಕೊಟ್ಟವನಿಗೆ ಬೇರೆಡೆ ಹೆಚ್ಚಾಗಿ ಕಟ್ಟುವ ಹಕ್ಕನ್ನು ನೀಡುವ ಕ್ರಮ ಅದೇ ಅಧಿನಿಯಮದ ೧೪-ಬಿ ಪ್ರಕರಣದಲ್ಲಿದೆ. ಅಂತರವಲಯದ ಸ್ವಂತ ನೆಲಕ್ಕೂ ಅಂಥ ಪ್ರತಿಫಲವನ್ನು ವಿಸ್ತರಿಸಿ, ನೀರು ಹರಿಯುವ ದಾರಿಯನ್ನು ಸ್ಥಳದಲ್ಲಿಯೇ ಅಳೆದು ಗೆರೆಯನ್ನು ಒಮ್ಮೆ ಕಲ್ಲು ನೆಟ್ಟು ಗೊತ್ತುಮಾಡಿದರೆ ನ್ಯಾಯವಾದ ಆಕ್ಷೇಪಗಳಿಗೆ ಸಮಾಧಾನ ದೊರೆಯುತ್ತದೆ. ಒತ್ತುವರಿದಾರರು ಅವುಗಳ ಮರೆಯಲ್ಲಿ ನಿಲ್ಲುವುದಕ್ಕೂ ಎಡೆಯಿರುವುದಿಲ್ಲ. ಗೆರೆಯನ್ನು ಕಿರಿದುಗೊಳಿಸಿ ವಿರೋಧವನ್ನು ತಣಿಸುವುದು ಸುಲಭವಾದ ದಾರಿ. ಆದರೆ ಮಳೆಯ ನೀರು ತಿದ್ದಿದ ನಕ್ಷೆಯನ್ನು ನೋಡಿ ಹರಿಯುವುದಿಲ್ಲ. ಮೇಲಿನವನಿಗೆ ಕೊಡದೆ ಉಳಿಸಿದ ಪರಿಹಾರವನ್ನು ಕೆಳಗಿನವನು ನಷ್ಟದ ರೂಪದಲ್ಲಿ ತೆರಬೇಕಾಗುತ್ತದೆ.